ಐದನೇ ಸಾಲು

ಕಣ್ಣಾಸ್ಪತ್ರೆಯ ಸರದಿಪಟ್ಟಿಯಿಂದ ಮೂವತ್ತೊಂದು ಜನರ ಹೆಸರು ಅಳಿಸಿಹೋಯಿತು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವರು ಹನ್ನೊಂದು ತಿಂಗಳು ಕಾದಿದ್ದರು. ಅಳಿಸಿದ್ದಕ್ಕಾಗಿ ನೋಂದಣಿ ಕೋಣೆಯ ಗುಮಾಸ್ತೆಯನ್ನು ಕೆಲಸಕ್ಕೆ ಬರಬೇಡವೆಂದು ಕಳುಹಿಸಲಾಯಿತು.

ವಿಷಯ ಹೊರಬಿದ್ದದ್ದು ಒಬ್ಬ ಬಡಗಿಯಿಂದ. ಫೋನಿನಲ್ಲಿ ಹೇಳಿದ್ದ ದಿನ, ಹೇಳಿದ ಹೊತ್ತಿಗೆ, ಒಗೆದ ಅಂಗಿ ತೊಟ್ಟು, ಮಗಳ ಭುಜದ ಮೇಲೆ ಕೈಯಿಟ್ಟುಕೊಂಡು ಬಂದು ಬೆಂಚಿನ ಮೇಲೆ ಕೂತಿದ್ದ. ಒಬ್ಬೊಬ್ಬರನ್ನೇ ಒಳಗೆ ಕರೆದರು. ಒಂಬತ್ತು ಜನ ಹೋದರು. ಬೆಂಚು ಖಾಲಿಯಾಯಿತು, ಅವನು ಉಳಿದ. ಮಗಳು ಅವನನ್ನು ನೋಂದಣಿ ಕೋಣೆಯ ಕಿಟಕಿಗೆ ಕರೆತಂದಳು.

"ಅಕ್ಕಾ, ನೀವೇ ಅಲ್ವಾ ಫೋನ್ ಮಾಡಿದ್ದು? ನಿಮ್ಮ ದನಿ ಗುರುತು ಸಿಕ್ತು," ಎಂದ ಬಡಗಿ. "ಕಣ್ಣು ಹೋದ್ಮೇಲೆ ಕಿವಿ ಚುರುಕಾಗಿದೆ ನೋಡಿ."

ಗುಮಾಸ್ತೆ ಕಂಪ್ಯೂಟರಿನಲ್ಲಿ ಅವನ ಹೆಸರು ಹುಡುಕಿದಳು. ಇರಲಿಲ್ಲ. ಕಾಗುಣಿತ ಬದಲಿಸಿ ಹುಡುಕಿದಳು. ಇರಲಿಲ್ಲ. ಐದು ವಾರದ ಹಿಂದೆ ಈ ಮನುಷ್ಯನ ಜೊತೆ ತಾನೇ ಮಾತಾಡಿದ್ದಳು. ರಕ್ತಪರೀಕ್ಷೆ ಮಾಡಿಸಿಡಿ, ಬರುವಾಗ ಜೊತೆಗೊಬ್ಬರಿರಲಿ ಎಂದು ಹೇಳಿದ್ದಳು. ಅವನ ಕಡತ 'ಪಟ್ಟಿಯಿಂದ ತೆಗೆದವರು' ಎಂಬ ಕಡೆ ಸಿಕ್ಕಿತು. ಅದೇ ಕಡೆ ಇನ್ನೂ ಮೂವತ್ತು ಹೆಸರುಗಳಿದ್ದವು. ತೆಗೆದವರು ಯಾರು ಎಂಬಲ್ಲಿ ಮೂವತ್ತೊಂದು ಸಲವೂ ಅವಳದೇ ಗುರುತಿನ ಸಂಖ್ಯೆ ಇತ್ತು.

ಅವಳು ಆ ಕುರ್ಚಿಯಲ್ಲಿ ಕೂತು ಹದಿನೆಂಟು ವರ್ಷವಾಗಿತ್ತು. ಹಳೆಯ ಪ್ರೋಗ್ರಾಮಿನಲ್ಲಿ ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಆ ಸಾಲು ನೀಲಿಯಾಗುತ್ತಿತ್ತು, ಅಷ್ಟೆ. ಇನ್ನೊಮ್ಮೆ ಮಾಡಿದರೆ ಕಡತ ತೆರೆಯುತ್ತಿತ್ತು. ಹೊಸಬರಿಗೆ ಮೌಸ್ ಹಿಡಿಯಲು ಕಲಿಸುತ್ತಿದ್ದದ್ದೂ ಅವಳೇ. "ಮೊದಲ್ನೇದು ಬಾಗಿಲು ತಟ್ಟೋದು, ಎರಡ್ನೇದು ಒಳಗೆ ಹೋಗೋದು. ತಟ್ಟದೆ ಯಾರ ಮನೆಗೂ ನುಗ್ಗಬಾರ್ದು," ಎನ್ನುತ್ತಿದ್ದಳು. ಅವಳ ಬೆರಳಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿದ್ದುದರಿಂದ ಆಸ್ಪತ್ರೆಯವರೆಲ್ಲ ಅವಳನ್ನು ಟಕ್‌ಟಕ್ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಕರೆಗಂಟೆಯನ್ನೂ ಅವಳು ಎರಡು ಸಲ ಒತ್ತುತ್ತಾಳೆಂದು ಗಂಡ ತಮಾಷೆ ಮಾಡುವುದಿತ್ತು.

ಹೊಸ ಪ್ರೋಗ್ರಾಮಿನಲ್ಲಿ ಒಂದೇ ಕ್ಲಿಕ್ಕಿಗೆ ಕಡತ ತೆರೆಯುತ್ತದೆ. ಅದನ್ನು ತಿಳಿಸಲು ಪ್ರೋಗ್ರಾಮ್ ತಯಾರಿಸಿದ ಕಂಪನಿಯವನು ಊಟದ ಕೋಣೆಯಲ್ಲಿ ಅರ್ಧ ಗಂಟೆ ಪಾಠ ಮಾಡಿದ್ದ. ಆ ಹೊತ್ತಿಗೆ ಕಿಟಕಿಯ ಮುಂದೆ ನಲವತ್ತು ಜನ ನಿಂತಿದ್ದರು. ಗುಮಾಸ್ತೆಗೆ ಏಳಲಾಗಲಿಲ್ಲ. ಸಂಜೆ ಆಡಳಿತಾಧಿಕಾರಿ ಆ ಪಾಠದ ಹಾಜರಿ ಹಾಳೆಯನ್ನು ಅವಳ ಮುಂದಿಟ್ಟು, "ಒಂದು ಸಹಿ ಹಾಕ್ಬಿಡಿ, ಮೇಲಕ್ಕೆ ಕಳಿಸ್ಬೇಕು," ಎಂದಿದ್ದರು. ಹಾಕಿದ್ದಳು.

ಬಡಗಿ ಬಂದ ದಿನ ಮಧ್ಯಾಹ್ನ ಅಧಿಕಾರಿ ಆ ಹಾಳೆಯನ್ನೇ ಮೇಜಿನ ಮೇಲೆ ಬಿಡಿಸಿಟ್ಟರು. ಕಂಪನಿಯವನು ಪಕ್ಕದಲ್ಲಿ ಕೂತಿದ್ದ.

"ಇದು ನಿಮ್ಮದೇ ಸಹಿ ತಾನೆ?"

"ನನ್ನದೇ ಸಾರ್. ಆದ್ರೆ ಅವತ್ತು ನೀವೇ..."

"ಸಹಿ ನಿಮ್ಮದು. ಗುರುತಿನ ಸಂಖ್ಯೆ ನಿಮ್ಮದು. ಬೆರಳು ನಿಮ್ಮದು. ಇನ್ನು ತಪ್ಪು ಯಾರದು, ನಮ್ಮಪ್ಪಂದಾ?"

"ಸಾರ್, ತೆಗಿ ಅನ್ನೋ ಬಟನ್ನನ್ನ ನಾನು ಮುಟ್ಟೇ ಇಲ್ಲ."

ಕಂಪನಿಯವನು ಮೆಲುವಾಗಿ ಹೇಳಿದ: "ಮೇಡಂ, ಮುಟ್ಟದೆ ಅದಾಗಿ ಅದೇ ಒತ್ಕೊಳ್ಳಲ್ಲ."

"ಒತ್ತಿದ್ರೂ ಒಂದು ಮಾತು ಕೇಳ್ಬೇಕಲ್ವಾ? ಹಳೇದು ಕೇಳ್ತಿತ್ತು, ಖಚಿತವೇ ಅಂತ."

"ಅದನ್ನ ತೆಗೆದ್ವಿ. ಪ್ರತಿಯೊಂದಕ್ಕೂ ಕೇಳಿದ್ರೆ ಜನಕ್ಕೆ ಕಿರಿಕಿರಿ. ಹೊಸದ್ರಲ್ಲಿ ಒಂದೊಂದು ಕಡತಕ್ಕೂ ಎರಡು ಸೆಕೆಂಡ್ ಉಳಿಯುತ್ತೆ."

ಅಧಿಕಾರಿ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಮನೆಗೆ ಹೋಗಿ. ಸೋಮವಾರ ಬನ್ನಿ, ಏನು ಮಾಡೋದು ಹೇಳ್ತೀನಿ."

ಅವಳು ತನ್ನ ಉದ್ದನೆಯ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಕರೆಂಟು ಹೋದರೆ ಇರಲಿ ಎಂದು ಶುರುವಾದ ಅಭ್ಯಾಸವದು: ಪ್ರತಿದಿನ ಬೆಳಿಗ್ಗೆ ಪರದೆಯ ಮೇಲೆ ಬರುವ ಹತ್ತು ಹೆಸರುಗಳನ್ನು ಬಂದ ಕ್ರಮದಲ್ಲೇ ಬರೆದುಕೊಂಡು, ಫೋನ್ ಎತ್ತಿದವರ ಮುಂದೆ ಒಂದು ಗೀಟು ಹಾಕುವುದು. ಈಗ ಕರೆಂಟು ಹೋಗುವುದಿಲ್ಲ. ಅಭ್ಯಾಸವೂ ಹೋಗಿಲ್ಲ.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಎದುರಿಗೆ ಅತ್ತೆ ಕೂತು ಮೊಮ್ಮಗನ ಷರಾಯಿಯ ಅಂಚು ಬಿಚ್ಚುತ್ತಿದ್ದಳು. ಅತ್ತೆ ನಲವತ್ತು ವರ್ಷ ಒಂದು ಉಡುಪಿನ ಕಾರ್ಖಾನೆಯಲ್ಲಿ ಅಂಗಿ ಹೊಲಿದವಳು. ಮಾತಿಗಿಂತ ಮೊದಲು ಕತ್ತರಿ ಆಡಿಸಿ ಅಭ್ಯಾಸ.

"ಎಷ್ಟು ದಿನ ಅದನ್ನೇ ನೋಡ್ತೀಯ? ನೋಡಿದ್ರೆ ಹೆಸರು ಎದ್ದು ಬರುತ್ತಾ?"

"ಅತ್ತೆ, ನಾನೇ ಅಳಿಸಿದ್ದೀನಂತೆ. ಇರ್ಬಹುದೇನೋ. ವಯಸ್ಸಾಯ್ತಲ್ಲ."

"ಐವತ್ತೆರಡಕ್ಕೆ ವಯಸ್ಸಾಯ್ತಾ? ಹಾಗಾದ್ರೆ ನಾನೇನು ಪಳೆಯುಳಿಕೆನಾ? ತಾ ಇಲ್ಲಿ. ಹೋದವರ ಹೆಸರು ಯಾವುದು, ಗುರುತು ಹಾಕು."

ಗುಮಾಸ್ತೆ, ಆಸ್ಪತ್ರೆಯಲ್ಲಿ ಬರೆದುಕೊಂಡಿದ್ದ ಮೂವತ್ತೊಂದು ಹೆಸರಿನ ಚೀಟಿ ನೋಡಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ ಹೋದಳು. ಮೊದಲ ಪುಟದಲ್ಲಿ ಬಡಗಿ. ಎರಡನೆಯದರಲ್ಲಿ ಒಬ್ಬಳು ಶಾಲೆಯ ಆಯಾ. ಮೂರನೆಯದರಲ್ಲಿ ನಿವೃತ್ತ ಚಾಲಕ. ಪುಟಕ್ಕೊಂದು ಹೆಸರು, ಎರಡು ಎಲ್ಲೂ ಇಲ್ಲ, ಒಂದೂ ಇಲ್ಲದ ಪುಟವೂ ಇಲ್ಲ. ಹೊಸ ಪ್ರೋಗ್ರಾಮ್ ಬಂದು ಮೂವತ್ತೊಂದು ಕೆಲಸದ ದಿನ, ಮೂವತ್ತೊಂದು ಪುಟ.

ಅತ್ತೆ ಪುಟಗಳನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟಳು, ಬಟ್ಟೆಯ ಥಾನಿನ ಪದರ ನೋಡುವಂತೆ. ಕೆಂಪು ಗುರುತು ಅಲುಗಾಡದೆ ಒಂದೇ ಕಡೆ ನಿಂತಿತ್ತು.

"ಎಲ್ಲಾ ಐದನೇ ಸಾಲು," ಎಂದಳು. "ನಿನಗೆ ಅರಳುಮರಳಾಗಿದ್ರೆ ಒಂದಿನ ಮೂರನೇದು ಹೋಗ್ಬೇಕಿತ್ತು, ಒಂದಿನ ಎಂಟನೇದು. ಅರಳುಮರಳು ಇಷ್ಟು ಶಿಸ್ತಾಗಿರಲ್ಲ."

ಗುಮಾಸ್ತೆಯ ಬಲಗೈ ಮೇಜಿನ ಮೇಲೆ, ಇಲ್ಲದ ಮೌಸಿನ ಮೇಲೆ, ತಾನಾಗಿ ಎರಡು ಸಲ ತಟ್ಟಿತು. ಮೊದಲ ಕ್ಲಿಕ್ಕಿಗೇ ಕಡತ ತೆರೆದುಕೊಳ್ಳುತ್ತದೆ. ಎರಡನೆಯದು ಎಲ್ಲಿ ಬೀಳುತ್ತದೆ? ತೆರೆದ ಕಡತದ ಮೇಲೆ, ಬಾಣದ ಗುರುತು ಇದ್ದ ಜಾಗದಲ್ಲೇ. ಅವಳು ಆ ಪರದೆಯನ್ನು ನೆನಪಿನಲ್ಲಿ ಮೇಲಿನಿಂದ ಕೆಳಕ್ಕೆ ಓದಿದಳು. ಹೆಸರು, ವಯಸ್ಸು, ವಿಳಾಸ, ಫೋನು. ಫೋನಿನ ಬಲಕ್ಕೆ, ಪಟ್ಟಿಯಲ್ಲಿ ಐದನೇ ಸಾಲು ಇದ್ದ ಎತ್ತರದಲ್ಲಿ, ಬೂದುಬಣ್ಣದ ಒಂದು ಸಣ್ಣ ಬಟನ್: ಪಟ್ಟಿಯಿಂದ ತೆಗೆ. ಬೇರೆ ಸಾಲುಗಳ ಎತ್ತರದಲ್ಲಿ ಬರೀ ಖಾಲಿ ಜಾಗ. ಬಟನ್ ಒತ್ತಿದರೂ ಕಡತ ಮುಚ್ಚುವುದಿಲ್ಲ, ಆ ದಿನದ ಪಟ್ಟಿಯ ಸಾಲುಗಳೂ ಕದಲುವುದಿಲ್ಲ. ಹಾಗಾಗಿ ಅವಳು ಆ ಮನುಷ್ಯನಿಗೆ ಫೋನ್ ಮಾಡಿ ದಿನ ತಿಳಿಸಿರುತ್ತಾಳೆ. ಅವನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಅಷ್ಟರಲ್ಲಿ ಅವನು ಪಟ್ಟಿಯಲ್ಲಿ ಇರುವುದಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂದ್ರು ಅತ್ತೆ, ಆ ಸಾಹೇಬ್ರು."

"ನೆಲಾನೇ ಡೊಂಕಿದ್ರೆ ಏನನ್ಬೇಕಂತೆ?" ಅತ್ತೆ ದಾರ ಕಡಿದಳು. "ನಮ್ಮಲ್ಲಿ ಒಂದು ಸಲ ಸಾವಿರ ಅಂಗಿ ವಾಪಸು ಬಂದ್ವು. ಎಲ್ಲಾ ಕಂಕುಳಲ್ಲೇ ಹರಿದಿದ್ದು. ಹೊಲಿದೋರ ಕೈ ಸರಿಯಿಲ್ಲ ಅಂದ್ರು. ಸಾವಿರ ಅಂಗಿ ಒಂದೇ ಕಡೆ ಹರಿದ್ರೆ ತಪ್ಪು ಹೊಲಿದೋರ್ದಲ್ಲ, ಅಚ್ಚು ಕತ್ತರಿಸಿದೋನ್ದು."

"ಆಮೇಲೆ ಏನಾಯ್ತು?"

"ಇನ್ನೇನಾಗುತ್ತೆ? ಹೊಲಿದೋರ ಹತ್ರ ಬರೆಸ್ಕೊಂಡ್ರು. ನಾನೂ ಬರ್ಕೊಟ್ಟೆ." ಕತ್ತರಿಯನ್ನು ಮೇಜಿನ ಮೇಲಿಟ್ಟು ಹೇಳಿದಳು: "ಕಾಫಿ ಮಾಡು, ಹೋಗು."

ಸೋಮವಾರ ಹತ್ತು ಗಂಟೆಗೆ ಗುಮಾಸ್ತೆ ಅಧಿಕಾರಿಯ ಕೋಣೆಯಲ್ಲಿದ್ದಳು. ಕಂಪನಿಯವನೂ ಇದ್ದ. ಹೊರಗಿನ ಬೆಂಚಿನಲ್ಲಿ ಬಡಗಿ ಮತ್ತವನ ಮಗಳು ಬೆಳಗಿನಿಂದ ಕೂತಿದ್ದರು. ಅವಳು ನೋಟ್‌ಬುಕ್ ಬಿಚ್ಚಿ ಎಲ್ಲವನ್ನೂ ಹೇಳಿದಳು. ಕಂಪನಿಯವನು ಪುಟ ತಿರುಗಿಸಿದ. ಹತ್ತನೇ ಪುಟದ ಹೊತ್ತಿಗೆ ಅವನ ಕೈ ನಿಧಾನವಾಯಿತು.

"ನಾವು ಪರೀಕ್ಷೆ ಮಾಡಿದ್ವಿ ಮೇಡಂ. ಇಪ್ಪತ್ತು ಜನ ಕೂತು ಮಾಡಿದ್ವಿ."

"ಆ ಇಪ್ಪತ್ತು ಜನರ ವಯಸ್ಸೆಷ್ಟು?"

"ಎಲ್ಲಾ ನನ್ನ ಓರಗೆಯವರೇ."

"ಹುಟ್ಟಿದಾಗಿಂದ ಫೋನ್ ಮುಟ್ಟಿದೋರು. ಯಾರಾದ್ರೂ ಎರಡು ಸಲ ಒತ್ತಿದ್ರಾ?"

ಅವನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದ.

"ನನ್ನ ಮಾತು ಸುಳ್ಳು ಅನ್ಸಿದ್ರೆ ಇವತ್ತಿನ ಪಟ್ಟಿ ತೆಗೀರಿ. ಐದನೇ ಸಾಲಿನ ಮೇಲೆ ನೀವೇ ಎರಡು ಸಲ ಒತ್ತಿ."

ಕಂಪನಿಯವನು ಮೌಸ್ ಹಿಡಿದ. ಪಟ್ಟಿ ತೆರೆಯಿತು. ಬಾಣದ ಗುರುತು ಐದನೇ ಸಾಲಿನವರೆಗೆ ಹೋಗಿ ನಿಂತಿತು. ಅಲ್ಲೊಬ್ಬ ಮುದುಕಿಯ ಹೆಸರಿತ್ತು, ಎಪ್ಪತ್ತಾರು ವರ್ಷ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಬೇಡ," ಎಂದ. "ಇದು ನಿಜವಾದ ಪಟ್ಟಿ."

"ನಂಗೆ ಕೊಟ್ಟಿದ್ದೂ ನಿಜವಾದ ಪಟ್ಟಿನೇ."

ಅಧಿಕಾರಿ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು. ಪ್ರೋಗ್ರಾಮನ್ನು ನೋಡಿ, ಸರಿಯಾಗಿದೆ ಎಂದು ಒಪ್ಪಿಕೊಂಡು ಸಹಿ ಮಾಡಿದವರು ಅವರೇ. ದನಿ ತಗ್ಗಿಸಿ, ಮನೆಯ ಹಿರಿಯರಂತೆ ಮಾತಾಡಿದರು.

"ನೋಡಿಯಮ್ಮ, ನಿಮ್ಮ ಕೆಲಸ ಕಿತ್ಕೊಳ್ಳೋ ಆಸೆ ನನಗಿಲ್ಲ. ಬಟನ್ನಿನ ಜಾಗ ಇವರು ಸದ್ದಿಲ್ಲದೆ ಬದಲಾಯಿಸ್ತಾರೆ. ನೀವು ನಿಮ್ಮ ಅಜಾಗರೂಕತೆ ಅಂತ ಒಪ್ಕೊಂಡ್ಬಿಡಿ. ಒಂದು ಎಚ್ಚರಿಕೆ ಪತ್ರ ಕೊಡ್ತೀನಿ, ಅದು ಕಪಾಟಿನಲ್ಲಿರುತ್ತೆ. ಮಧ್ಯಾಹ್ನದಿಂದ ನಿಮ್ಮ ಕುರ್ಚಿ ನಿಮಗೆ."

"ಆ ಮೂವತ್ತೊಂದು ಜನ?"

"ನಿಯಮ ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಯಂತ್ರದ ತಪ್ಪಾದರೆ ಹೆಸರು ಇದ್ದ ಜಾಗಕ್ಕೇ ಮರಳುತ್ತದೆ. ಬಡಗಿಗೆ ಮರುದಿನವೇ ಕರೆ ಹೋಗುತ್ತದೆ. ಉಳಿದ ಮೂವತ್ತು ಜನಕ್ಕೆ ಏನೂ ಆಗಿಯೇ ಇಲ್ಲವೆಂಬಂತೆ ಅವರವರ ದಿನ ಬರುತ್ತದೆ. ಗುಮಾಸ್ತೆಯ ತಪ್ಪಾದರೆ ಹೊಸ ಅರ್ಜಿ, ಪಟ್ಟಿಯ ಕೊನೆ, ಇನ್ನೊಂದು ಹನ್ನೊಂದು ತಿಂಗಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಕೇಳಿದ್ದೆ ಸಾರ್," ಎಂದಳು. "ಇಲ್ಲಿ ಎಮ್ಮೆಯಿಂದ್ಲೇ ಬರೆ ಹಾಕಿ ಅಂತ ಅರ್ಜಿ ಬರೆಸ್ತಿದ್ದೀರ."

"ಮಾತು ಚೆನ್ನಾಗಿದೆ. ಒಪ್ಪಲಿಲ್ಲ ಅಂದ್ರೆ ವಿಚಾರಣೆ. ಅದು ಮುಗಿಯೋತನಕ ನೀವು ಮನೆಯಲ್ಲಿ. ವರ್ಷ ಆಗ್ಬಹುದು, ಎರಡಾಗ್ಬಹುದು." ಅವರು ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ನಾಲ್ಕು ಸಾಲಿನ ಒಕ್ಕಣೆ ಸಿದ್ಧವಾಗಿತ್ತು. ಮೇಲೆ ಅವಳ ಹೆಸರು, ಕೆಳಗೆ ಒಂದು ಹಸಿರು ಬಟನ್: ಒಪ್ಪಿದ್ದೇನೆ. "ಸಹಿ ಕೂಡ ಬೇಡ ಈಗ. ಒಂದು ಕ್ಲಿಕ್ ಸಾಕು."

ಅವಳು ನಾಲ್ಕು ಸಾಲನ್ನೂ ಓದಿದಳು. ಇನ್ನೊಮ್ಮೆ ಓದಿದಳು. ಹೊರಗೆ ಬಡಗಿ ಮಗಳನ್ನು ಕೇಳುತ್ತಿದ್ದ: "ಕಿಟಕಿ ತೆಗೆದ್ರೇನಮ್ಮ?" ಮಗಳು ಇನ್ನೂ ಇಲ್ಲ ಎಂದಳು.

"ಬೇಗ ಒತ್ತಿಯಮ್ಮ," ಎಂದರು ಅಧಿಕಾರಿ. "ಹೊರಗೆ ಜನ ಕಾಯ್ತಿದ್ದಾರೆ."

ಗುಮಾಸ್ತೆ ಮೌಸನ್ನು ಮೇಜಿನ ಆಚೆ ಬದಿಗೆ, ಅವರ ಕೈಯ ಹತ್ತಿರಕ್ಕೆ, ಸರಿಸಿದಳು. ನೋಟ್‌ಬುಕ್ಕನ್ನು ಮುಚ್ಚಿ ಎದೆಗೆ ಹಿಡಿದುಕೊಂಡಳು.

"ಒತ್ತಲ್ಲ ಸಾರ್."