ಸಾಲಿನಿಂದ ಮುಂದೆ ಬಂದ ಕಪ್

ಅಪ್ಪನಿಗೆ ಟೀ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಕಿಟಕಿಯ ಬೆಳಕಿಗೆ ಕಪ್‌ಗಳನ್ನು ಸಾಲಾಗಿ ಇಟ್ಟು, ಒಂದೊಂದರಿಂದಲೂ ಒಂದು ಚಮಚ ಸೊರ್ರೆಂದು ಹೀರಿ, ಪಕ್ಕದ ತಗಡಿನ ಡಬ್ಬಕ್ಕೆ ಉಗಿದು, ಒಪ್ಪಿಗೆಯಾದ ಕಪ್ಪನ್ನು ಸಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಅವನು ತಳ್ಳಿದ್ದನ್ನೇ ಅಮ್ಮ ಕುಡಿಯುತ್ತಿದ್ದಳು. ಅವನು ಸತ್ತ ಮೇಲೆ ಅವಳು ಟೀ ಬಿಟ್ಟಳು, ನೆಂಟರನ್ನು ಬಿಟ್ಟಳು, ಕೊನೆಗೆ ಕೋಣೆಯಿಂದ ಹೊರಗೆ ಬರುವುದನ್ನೂ ಬಿಟ್ಟಳು.

ಅವಳ ಅರವತ್ತನೇ ಹುಟ್ಟುಹಬ್ಬಕ್ಕೆ ಮನೆಮಟ್ಟಿಗೆ ಮಧ್ಯಾಹ್ನದ ಟೀ ಇಡೋಣ ಎಂದವಳು ನಾನು. ಚಿಕ್ಕಮ್ಮ, ಪಕ್ಕದ ಮನೆಯ ಟೀಚರು, ಅಕ್ಕ, ನಾನು. ನಮ್ಮ ನಡುವೆ ಕೂತು ಒಂದು ಗುಟುಕು ಕುಡಿದರೂ ಸಾಕು, ಅಮ್ಮ ನಮಗೆ ವಾಪಸ್ ಸಿಕ್ಕ ಹಾಗೆ ಅಂದುಕೊಂಡಿದ್ದೆ.

ಹಿಂದಿನ ದಿನ, ಯಾವ ಪುಡಿ ಚೆನ್ನ ಎಂದು ನೋಡಲು ನಾಲ್ಕು ಬಗೆಯ ಟೀ ಮಾಡಿಟ್ಟೆ. ಅಕ್ಕ ಬಂದವಳೇ ಹಣೆ ಚಚ್ಚಿಕೊಂಡಳು.

"ಏನೇ ಇದು, ಟೇಬಲ್ ಬಿಟ್ಟು ಕಿಟಕಿ ಹತ್ರ ಸಾಲಾಗಿ ನಿಲ್ಸಿದೀಯ? ಕಪ್‌ಗಳಿಗೆ ಡ್ರಿಲ್ ಮಾಡಿಸ್ತೀಯಾ?"

ಆಗಲೇ ನಾನೂ ನೋಡಿದ್ದು. ಕೈ ತನ್ನ ಪಾಡಿಗೆ ಹಾಗೆ ಇಟ್ಟುಬಿಟ್ಟಿತ್ತು.

ಅಷ್ಟರಲ್ಲಿ ಕೇಕ್ ಸೀದ ವಾಸನೆ ಬಂತು. ಇಬ್ಬರೂ ಅಡುಗೆಮನೆಗೆ ಓಡಿದೆವು. ಹಾಲ್‌ನಲ್ಲಿ ಯಾರೋ ಸೊರ್ರೆಂದು ಹೀರಿದರು. ಬಂದು ನೋಡಿದರೆ ಮೂರನೇ ಕಪ್ ಸಾಲಿನಿಂದ ಮುಂದಿತ್ತು.

"ನೀನೇ ತಾನೇ?" ಎಂದೆ.

"ನಿನ್ ಪಕ್ಕದಲ್ಲೇ ಇದ್ನಲ್ಲೇ, ಮಂಕೆ! ಅಮ್ಮ ಇರ್ಬೇಕು."

ಅಮ್ಮನ ಕೋಣೆಯ ಚಿಲಕ ತೆಗೆದ ಸದ್ದು ಕೇಳಿದ್ದು ಆಮೇಲೆ. ಅವಳು ನಮ್ಮನ್ನು ನೋಡಲಿಲ್ಲ. ನೇರ ಹೋಗಿ ಮೂರನೇ ಕಪ್ ಎತ್ತಿ ತಳದವರೆಗೂ ಕುಡಿದಳು.

"ನಾಳೆ ಇದನ್ನೇ ಮಾಡು. ಯಾರನ್ನೂ ಕರೀಬೇಡ."

"ಚಿಕ್ಕಮ್ಮಂಗೆ ಹೇಳಾಗಿದೆಯಲ್ಲಮ್ಮ."

"ಬರೋದು ಬೇಡ ಅನ್ನು. ನೀವಿಬ್ರೂ ಹೊರಗಿರಿ. ಎರಡು ಕುರ್ಚಿ ಸಾಕು."

ಮರುದಿನ ಮಧ್ಯಾಹ್ನ ಅವಳು ಹಾಲ್‌ನ ಬಾಗಿಲು ಹಾಕಿಕೊಂಡಳು. ನಾವು ಸೀದ ಕೇಕಿನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆವು. ಒಳಗೆ ಸೊರ್ರೆಂದು ಹೀರುವ ಸದ್ದಾಯಿತು. ಆಮೇಲೆ ತಗಡಿಗೆ ಉಗಿದ ಸದ್ದು. ಆ ಡಬ್ಬವನ್ನು ಅಪ್ಪ ಸತ್ತ ವಾರವೇ ಗುಜರಿಗೆ ಹಾಕಿದ್ದೆವು. ಅಮ್ಮ ಏನೋ ಹೇಳಿ ನಕ್ಕಳು.

"ಬಾಗಿಲು ತಟ್ಟಲಾ?" ಅಕ್ಕ ತಟ್ಟೆ ಕೆಳಗಿಟ್ಟು ಎದ್ದಳು.

ಬೇಡ ಎಂದೆ. ಅವಳು ಟೀ ಕುಡಿಯಲಿ ಎಂದು ತಾನೇ ನಾನು ಇಷ್ಟೆಲ್ಲ ಮಾಡಿದ್ದು. ಕುಡಿಯುತ್ತಿದ್ದಳು.