ಮೂರನೇ ಚರಣ

"ಹಾಡೋದು ಇದೇ ಕಡೇ ಸಲ" ಎಂದು ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡ ಮೇಲೆಯೇ ಅವ್ವನನ್ನು ಚಿತ್ತವಾಡ್ಗಿಯ ಮನೆಯಿಂದ ಸನ್ಮಾನದ ಸಭೆಗೆ ಆಟೋ ಹತ್ತಿಸಿದ್ದೆ. ಒಂದು ಕಾಲಕ್ಕೆ ನಾಟಕದ ಬೋರ್ಡಿನಲ್ಲಿ ಕಂಪನಿಯ ಹೆಸರಿಗಿಂತ ದೊಡ್ಡದಾಗಿ 'ಕಂಪ್ಲಿ ಹೊಳೆಮ್ಮ' ಎಂದು ಬರೆಯುತ್ತಿದ್ದರು. ಈಗ ಆಕೆಗೆ ಎಂಬತ್ತರ ಹತ್ತಿರ. ಹೋದ ತಿಂಗಳು ಗ್ಯಾಸ್ ಹಚ್ಚಿಟ್ಟು ಮರೆತು ಮಲಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಅಂದಿನಿಂದ ನಾನು ಗಣಿ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತೇನೆ.

ಸನ್ಮಾನ, ಶಾಲು, ಭಾಷಣಗಳ ಗೋಳು ಮುಗಿದು ಹಾಡಿನ ಸರದಿ ಬಂತು. ಹಾರ್ಮೋನಿಯಂಗೆ ನಾನೇ ಕುಳಿತಿದ್ದೆ. ಜನ ಕೇಳಿದ್ದು ಆಕೆಯ ಹೊಳೆ ದಂಡೆಯ ಹಾಡನ್ನೇ. ಮೊದಲ ಚರಣದಲ್ಲಿ ಹೊತ್ತು ಮುಳುಗುತ್ತದೆ. ಎರಡನೆಯದರಲ್ಲಿ ಹೊಳೆ ಏರುತ್ತದೆ, ಹೆಣ್ಣುಮಗಳು ದಂಡೆಯಲ್ಲಿ ಕಾಯುತ್ತಾಳೆ. ಮೂರನೆಯದರಲ್ಲಿ ಹರಿಗೋಲು ಬರುತ್ತದೆ, ಅವಳು ಹತ್ತಿ ಮನೆಗೆ ಹೋಗುತ್ತಾಳೆ.

ಮೇಲಿನ ಸ್ವರಕ್ಕೆ ಅವ್ವನ ದನಿ ಒಡೆಯುತ್ತಿತ್ತು. ಒಡೆದ ಕಡೆಯೇ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡನೇ ಚರಣ ಮುಗಿಸಿ ಪಲ್ಲವಿಗೆ ಬಂದಳು, ಮತ್ತೆ ಎರಡನೇ ಚರಣವನ್ನೇ ಎತ್ತಿಕೊಂಡಳು.

"ವನ್ಸ್ ಮೋರ್!" ಎಂದು ಸಭೆ ಕುಣಿಯಿತು.

"ಮಸ್ತ್ ಐತಿ ಅಮ್ಮಾ, ಇನ್ನೊಮ್ಮೆ ಹಾಡ್ರಿ!" ಎಂದರು ಮುಂದಿನ ಸಾಲಿನ ಮುದುಕರೊಬ್ಬರು.

ಮತ್ತೆ ಅದೇ ಚರಣ. ಮರೆತುಬಿಟ್ಟಿದ್ದಾಳೆ! ಮೂರನೇ ಚರಣದ ಸ್ವರ ಹಿಡಿದು ದಾರಿ ತೋರಿಸಿದೆ, ಆಕೆ ತಿರುಗಿಯೂ ನೋಡಲಿಲ್ಲ. ಎದ್ದು ಹೋಗುವಂತಿಲ್ಲ, ನಿಲ್ಲಿಸುವಂತಿಲ್ಲ. ಅವಳು ಹೋದಲ್ಲಿಗೆ ಹೋಗುವುದೇ ಹಾರ್ಮೋನಿಯಂನವನ ಹಣೆಬರಹ. ಐದನೇ ಸಲಕ್ಕೆ ನನ್ನ ಬೆರಳುಗಳು ಬೆವೆತು ಕೀಲಿಮಣೆಯ ಮೇಲೆ ಜಾರತೊಡಗಿದವು. ಈಗ ಚಪ್ಪಾಳೆ ತಟ್ಟುತ್ತಿರುವ ಈ ಜನರೇ ಇನ್ನೊಂದು ಗಳಿಗೆಯಲ್ಲಿ ಪಾಪ ಎನ್ನುತ್ತಾರೆ. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಮಂಗಳದ ಸ್ವರ ಹಿಡಿದುಬಿಟ್ಟೆ.

ಮಂಗಳ ಶುರುವಾದ ಮೇಲೆ ಯಾವ ಕಲಾವಿದೆಯೂ ಬೇರೆ ಹಾಡುವಂತಿಲ್ಲ. ಅವ್ವ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಮುಗಿದು ಮಂಗಳ ಹಾಡಿದಳು. ಜನ ಎದ್ದು ನಿಂತರು. ಅವ್ವನ ಮಾನ ಉಳಿಸಿದೆ ಎಂದುಕೊಂಡೆ.

ವಾಪಸು ಬರುವಾಗ ಆಟೋದಲ್ಲಿ ಅವ್ವ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ ಮೂರನೇ ಚರಣ ಹಾಡಿದಳು. ಒಂದಕ್ಷರ ತಪ್ಪಲಿಲ್ಲ.

"ಅವ್ವಾ, ನೆನಪೈತಲ್ಲ! ಮತ್ತ ಅಲ್ಲಿ ಯಾಕ ಹಾಡ್ಲಿಲ್ಲ?"

"ಮರ್ತೀನಿ ಅಂದ್ಕೊಂಡಿಯೇನಲೇ ರೇವಣ್ಯಾ? ಮೂರನೇದು ಹಾಡಿದ್ರ ಹರಿಗೋಲು ಬಂದ್ಬಿಡ್ತದ. ಹತ್ತಿ ಮನೀಗೆ ಬರಬೇಕು. ಬಂದ್ರ ನೀ ಬೀಗ ಹಾಕ್ತಿ."

ಅಷ್ಟರಲ್ಲಿ ಮನೆ ಬಂತು. ಬೀಗ ತೆಗೆದೆ. ಅವ್ವ ಹೊಸ್ತಿಲ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು.

ಬೆಳಿಗ್ಗೆ ಯಶವಂತನಗರದ ಗಣಿ ಕಂಪನಿಯ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಒಳಗೆ ಅವ್ವ ಎರಡನೇ ಚರಣ ಹಾಡುತ್ತಿದ್ದಳು. ನಾನು ಬೀಗ ಹಿಡಿದು ಬಾಗಿಲ ಮುಂದೆ ನಿಂತೇ ಇದ್ದೆ.