ಪ್ರೇಮಮ್ಮನ ಮುಷ್ಟಿ

ಕಡೂರಿನ ನಮ್ಮ ಅಡುಗೆ ಗುಂಪಿನಲ್ಲಿ ಉಪ್ಪಿನ ಡಬ್ಬಿ ಮುಟ್ಟುವ ಹಕ್ಕು ಒಬ್ಬಳಿಗೇ ಇತ್ತು, ಪ್ರೇಮಮ್ಮನಿಗೆ. ನಾವು ಅಡುಗೆಗೆ ಹೋಗುವ ಮನೆಗಳಲ್ಲಿ ದೇವರಿಗೆ ಎಡೆ ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಕುದಿಯುವ ಹುಳಿಯ ಮೇಲೆ ಬಗ್ಗಿ, ಆವಿ ಮೂಸಿ, ಮುಷ್ಟಿ ತುಂಬ ಉಪ್ಪು ಎಸೆದು ಪ್ರೇಮಮ್ಮ ಹಿಂದೆ ಸರಿದರೆ ಮುಗಿಯಿತು. ಒಂದು ದಿನವೂ ಹೆಚ್ಚುಕಡಿಮೆ ಆದದ್ದಿಲ್ಲ. ಅಧಿಕಾರ ಉಪ್ಪಿಗೇ ನಿಂತಿದ್ದರೆ ಚೆನ್ನಾಗಿತ್ತು. ಸಾಸಿವೆ ಯಾವಾಗ ಸಿಡಿಯಬೇಕು, ಕುಂಬಳಕಾಯಿ ಹೋಳು ಎಷ್ಟು ದಪ್ಪ ಇರಬೇಕು, ಸೌಟನ್ನು ಯಾವ ಕಡೆ ಒರಗಿಸಬೇಕು, ಎಲ್ಲಕ್ಕೂ ಅವಳ ಅಪ್ಪಣೆ ಬೇಕು. ಅವಳು ಕೆಮ್ಮಿದರೆ ನಾವು ಒಲೆ ಸಣ್ಣ ಮಾಡುತ್ತಿದ್ದೆವು. ನಾನು ತಿಮ್ಮಕ್ಕ, ಗುಂಪು ಶುರುವಾದಾಗಿನಿಂದ ತರಕಾರಿ ಹೆಚ್ಚುತ್ತಿರುವವಳು. ನನ್ನ ಬಾಯಿ ಜೋರು ಎಂದು ಕಡೂರಿಗೆಲ್ಲ ಗೊತ್ತು. ಆದರೂ ಅವಳೆದುರು ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ.

ಈ ಸಲ ಮಾಘದಲ್ಲಿ ಅವಳು ಒಂದೇ ದಿನಕ್ಕೆ ಎರಡು ಕಡೆ ಮಾತು ಕೊಟ್ಟುಬಿಟ್ಟಳು. ತರೀಕೆರೆಯಲ್ಲಿ ಗೃಹಪ್ರವೇಶ, ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರದ ಗಂಗಾಧರಯ್ಯನವರ ಮಗಳ ನಿಶ್ಚಿತಾರ್ಥ. ಎರಡೂ ಕಡೆ ಮಧ್ಯಾಹ್ನದ ಊಟ. ಬೇರೆ ದಾರಿ ಕಾಣದೆ ಗುಂಪನ್ನು ಎರಡು ಮಾಡಿ, ತರೀಕೆರೆಯನ್ನು ತಾನಿಟ್ಟುಕೊಂಡಳು.

“ಅಜ್ಜಂಪುರಕ್ಕೆ ನೀನ್ ಹೋಗೇ ಅಶ್ವಿನಿ. ಸರಿಯಾಗಿ ಮಾಡಿದ್ರೆ ಇನ್ಮೇಲೆ ಆ ಕಡೆ ಕೆಲ್ಸ ಎಲ್ಲ ನಿಂದೇ. ಕೆಡಿಸಿದ್ರೆ ಮತ್ತೆ ನನ್ ಹಿಂದೆ ಸೌಟು ಹಿಡ್ಕಂಡ್ ನಿಂತ್ಕ.”

ಅಶ್ವಿನಿ ನಮ್ಮಲ್ಲಿ ಚಿಕ್ಕವಳು, ಗಟ್ಟಿಗಿತ್ತಿ. ತನ್ನದೇ ಒಂದು ಗುಂಪು ನಡೆಸಬೇಕೆಂದು ಅವಳಿಗೆ ಬಹಳ ಆಸೆ. ಅದು ಇಷ್ಟು ಬೇಗ ಕೈಗೆ ಬಂದೀತೆಂದು ಅವಳೂ ಎಣಿಸಿರಲಿಲ್ಲ. ವಟವಟ ಎನ್ನುವ ಹುಡುಗಿ, ನಮ್ಮ ಬಸ್ಸು ಬೀರೂರು ದಾಟಿದರೂ ಸಾಮಾನಿನ ಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ನನಗೇ ಭಯವಾಯಿತು.

ಫೋನು ಬಾರದಿದ್ದರೆ ಅಡುಗೆ ಚೆನ್ನಾಗಿಯೇ ನಡೆಯುತ್ತಿತ್ತು. ಬೇಳೆಗೆ ನೀರಿಟ್ಟೆಯಾ, ಕಾಯಿ ತುರಿದಾಯಿತಾ, ತಿಮ್ಮಕ್ಕ ಬೀನ್ಸು ದಪ್ಪ ಹೆಚ್ಚುತ್ತಿದ್ದಾಳಾ ಎಂದು ತರೀಕೆರೆಯಿಂದ ಪ್ರೇಮಮ್ಮನ ಉಸ್ತುವಾರಿ. ಕೊನೆಗೆ ಉಪ್ಪಿನ ಹೊತ್ತು ಬಂದಾಗ ವಿಡಿಯೋ ಕಾಲ್ ಮಾಡಿದಳು.

“ಎಲ್ಲಿ, ಆವಿ ತೋರ್ಸೇ.”

ಅಶ್ವಿನಿ ಫೋನನ್ನು ಹುಳಿಯ ಪಾತ್ರೆಯ ಮೇಲೆ ಹಿಡಿದಳು. “ಕಾಣ್ತೈತಾ ಪ್ರೇಮಕ್ಕ?”

“ಬರೀ ಮಂಜು ಕಾಣ್ತೈತೆ. ಇರ್ಲಿ, ಐದು ಮುಷ್ಟಿ ಹಾಕು.”

ಅಶ್ವಿನಿ ಬಗ್ಗಿ ಮೂಸಿದಳು. “ಮೂರು ಸಾಕು ಅನ್ನುಸ್ತದಕ್ಕ.”

“ಐದು ಅಂದೆ ಕಣೇ!”

ಐದು ಬಿತ್ತು. ಎಡೆ ದೇವರ ಕೋಣೆಗೆ ಹೋಗಿ ಬಂದ ಮೇಲೆ ಅಶ್ವಿನಿ ಅಂಗೈಗೆ ಒಂದು ತೊಟ್ಟು ಹುಳಿ ಬಿಟ್ಟುಕೊಂಡು ನೆಕ್ಕಿದಳು. ಅವಳ ಮುಖ ನೋಡಿ ನಾನೂ ನೆಕ್ಕಿದೆ. ಉಪ್ಪೋ ಉಪ್ಪು. ದೇವರು ಹೇಗೆ ಸಹಿಸಿಕೊಂಡನೋ! ಎಲ್ಲಿ ತಪ್ಪಿತೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಪ್ರೇಮಮ್ಮನದು ಶಾಲೆಗೆ ಹೋಗುವ ಮಗುವಿನ ಬಳೆ ಹಿಡಿಸುವಷ್ಟು ಪುಟ್ಟ ಕೈ. ಅಶ್ವಿನಿಯ ಅಂಗೈಯಲ್ಲಿ ಒಂದು ಒಬ್ಬಟ್ಟನ್ನೇ ತಟ್ಟಬಹುದು. ಐದು ಮುಷ್ಟಿ ಎಂದವಳದು ಒಂದು ಕೈ, ಹಾಕಿದವಳದು ಇನ್ನೊಂದು ಕೈ.

ಹೊರಗೆ ಮೊದಲ ಪಂಕ್ತಿ ಕೂತಾಗಿತ್ತು. ಎಲೆಗೆ ನೀರು ಚಿಮುಕಿಸುವ ಸದ್ದು ಒಳಗೇ ಕೇಳುತ್ತಿತ್ತು. ಅಶ್ವಿನಿ ಫೋನು ಮಾಡಿ ವಿಷಯ ತಿಳಿಸಿದಳು.

“ಯಾರೂ ಏನೂ ಮುಟ್ಬ್ಯಾಡ್ರಿ! ನಾನೇ ಬತ್ತೀನಿ,” ಎಂದು ಆ ಕಡೆಯಿಂದ ಪ್ರೇಮಮ್ಮ ಕೂಗಿದಳು.

ತರೀಕೆರೆಯಿಂದ ಅವಳು ಬರುವಷ್ಟರಲ್ಲಿ ಬೀಗರು ಕೈ ತೊಳೆದು ಎದ್ದಿರುತ್ತಾರೆ. ಅಶ್ವಿನಿ ಫೋನನ್ನು ಆಫ್ ಮಾಡಿ ಅಕ್ಕಿ ಚೀಲದ ಮೇಲೆ ಎಸೆದು ನಮ್ಮ ಕಡೆ ತಿರುಗಿದಳು.

“ನಂಗೇನೂ ಹೊಳೀತಿಲ್ಲ. ನೀವೆಲ್ಲ ನಂಗಿಂತ ಹೆಚ್ಚು ಒಲೆ ಕಂಡೋರು. ಏನ್ ಮಾಡಾಣ, ಹೇಳಿ.”

ಒಲೆಯ ಮುಂದೆ ನಮ್ಮನ್ನು ಹೀಗೆ ಕೇಳಿದವರೇ ಇರಲಿಲ್ಲ. ಮೂಲೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದ ಹಾಲಮ್ಮ ಮೆಲ್ಲಗೆ ಅಂದಳು: “ಒಬ್ಬಟ್ಟಿನ ಬೇಳೆ ಬಸಿದ ಕಟ್ಟು ಅಲ್ಲೇ ಐತಲ್ಲವ್ವ, ಸಾರಿಗೆ ಅಂತ ಇಟ್ಟಿರೋದು. ಅದಕ್ಕೆ ಉಪ್ಪೇ ಬಿದ್ದಿಲ್ಲ.”

“ಹುಳೀನ ಅದಕ್ಕೇ ಸೇರ್ಸಾದಾ?”

“ಸೇರ್ಸಿ ಕಾಯಿ ರುಬ್ಬಿ ಹಾಕಿದ್ರೆ ಆಯ್ತು. ಹುಳಿ ಸಾರು ಎರಡರ ಬದ್ಲು ಒಂದೇ ಸಾರು. ಯಾರ್ ಕೇಳ್ತಾರೆ?”

“ಅಷ್ಟೊತ್ತು ಜನ ಅನ್ನ ನೋಡ್ತಾ ಕೂರ್ತಾರಾ?” ಎಂದಳು ಅಶ್ವಿನಿ.

ಆಗ ನನ್ನ ಬಾಯಿಯ ಬೀಗ ಬಿಚ್ಚಿತು. “ಅನ್ನ ಈಗ್ಲೇ ಯಾಕೆ? ಕೋಸಂಬರಿ ಪಲ್ಯ ಆಗಿದ್ ಕೂಡ್ಲೆ ಒಬ್ಬಟ್ಟು ಬಿಡಾಣ. ಹಾಲು ತುಪ್ಪ ಧಾರಾಳವಾಗಿ ಸುರ್ದು ಎರಡೆರಡು ಸಲ ಬಲವಂತ ಮಾಡಾಣ. ಬೀಗ್ರಿಗೆ ಬಲವಂತ ಮಾಡಿದ್ರೆ ಯಾರಾದ್ರೂ ಬೈತಾರಾ?”

ಅಶ್ವಿನಿಯ ಮುಖ ಅರಳಿತು. “ಬಡಿಸಾದು ನಿಮ್ ಜವಾಬ್ದಾರಿ ತಿಮ್ಮಕ್ಕ. ಹಾಲಮ್ಮಕ್ಕ, ಒಲೆ ನಿಮ್ದು. ಕಾಯಿ ರುಬ್ಬಾದು ನಾನು.”

ಆಮೇಲೆ ನಾನು ನಡೆಸಿದ ಬಲವಂತವನ್ನು ಗಂಡಿನ ಕಡೆಯವರು ಈ ಜನ್ಮದಲ್ಲಿ ಮರೆಯುವುದಿಲ್ಲ. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಒಬ್ಬಟ್ಟು ಇಳಿಸಿದೆ. ಹುಡುಗನ ಸೋದರಮಾವ ಸೊಂಟದ ಬೆಲ್ಟು ಸಡಿಲ ಮಾಡಿಕೊಳ್ಳುವ ಹೊತ್ತಿಗೆ ಒಳಗಿನಿಂದ ಘಮಘಮ ಸಾರು ಬಂತು. ಅದನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವರಲ್ಲಿ ಆ ಮಾವನೂ ಒಬ್ಬ. ನನಗೆ ಹಾಲಮ್ಮನನ್ನು ಎತ್ತಿ ಕುಣಿಸಬೇಕೆನ್ನುವಷ್ಟು ಖುಷಿಯಾಯಿತು.

ಪ್ರೇಮಮ್ಮ ಯಾರದೋ ಬೈಕಿನ ಹಿಂದೆ ಕೂತು, ಕೆದರಿದ ತಲೆಯಲ್ಲಿ ಬಂದಿಳಿದಾಗ ಕೊನೆಯ ಪಂಕ್ತಿ ನಡೆದಿತ್ತು. ಸೀದಾ ಒಲೆಯ ಹತ್ತಿರ ನುಗ್ಗಿದಳು. ಯಾರೂ ಗಾಬರಿಯಲ್ಲಿ ಎದ್ದು ನಿಲ್ಲಲಿಲ್ಲ, ಎಲ್ಲರಿಗೂ ಕೈತುಂಬ ಕೆಲಸವಿತ್ತು. ಅವಳು ಸಾರನ್ನು ಅಂಗೈಗೆ ಹಾಕಿಕೊಂಡು ಕುಡಿದಳು. ಇನ್ನೊಮ್ಮೆ ಹಾಕಿಕೊಂಡಳು. ಆಮೇಲೆ ಅಶ್ವಿನಿಯ ಕೈಯನ್ನು ಎಳೆದು ತನ್ನ ಕೈಯ ಪಕ್ಕದಲ್ಲಿಟ್ಟು ನೋಡಿದಳು.

“ಮೂರು ಅಂತ ನೀನ್ ಸರಿಯಾಗೇ ಹೇಳಿದ್ದೆ ಕಣೇ,” ಎಂದಳು. “ತರೀಕೆರೇಲೂ ಹುಡ್ಗೀರು, ನೀವ್ ಹೋಗಿ ನಾವ್ ನೋಡ್ಕತೀವಿ ಅಂದ್ಬಿಟ್ರು. ನೋಡ್ಕಂಡೂ ಬಿಟ್ರಂತೆ!” ಹೇಳುತ್ತಾ ತಾನೇ ಪಕಪಕ ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಸಂಕಟವೂ ಇತ್ತು. ನನಗೆ ಅವಳ ಮೇಲೆ ಅದುವರೆಗೆ ಬಾರದಷ್ಟು ಪ್ರೀತಿ ಬಂತು.

ಊಟ ಮುಗಿದ ಮೇಲೆ ಗಂಗಾಧರಯ್ಯನವರು ಒಳಗೆ ಬಂದರು. “ಪ್ರೇಮಮ್ಮಾರೇ, ವೈಶಾಖದಲ್ಲಿ ಮದ್ವೆ. ಅಡ್ಗೆ ನೀವೇ ಒಪ್ಕಬೇಕು.”

“ನನ್ನ ಕೇಳ್ಬೇಡಿ ಸ್ವಾಮಿ. ಈ ಕಡೆಗೆಲ್ಲ ಅಶ್ವಿನೀನೇ ಯಜಮಾನ್ತಿ.”

ಅಶ್ವಿನಿಯ ಕಣ್ಣು ತುಂಬಿ ಬಂತು. ಹೂಂ ಎಂದು ಆಗಲೇ ಹೇಳಿಬಿಡುತ್ತಾಳೆ ಎಂದುಕೊಂಡೆ. ಆದರೆ ಅವಳು ಪಾತ್ರೆ ತೊಳೆಯಲು ಸಾಲಾಗಿ ಕೂತಿದ್ದ ನಮ್ಮ ಹತ್ತಿರ ಬಂದಳು.

“ಹಾಲಮ್ಮಕ್ಕ, ಏನಂತೀರಿ? ಒಪ್ಕಳಾಣ್ವಾ?”

ಹಾಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೂಂ ಎಂದಳು.

“ತಿಮ್ಮಕ್ಕ?”

ನಾನು ಜೋರಾಗಿ ತಲೆಯಾಡಿಸಿದೆ.

ಅಷ್ಟರಲ್ಲಿ ಪ್ರೇಮಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಂದು ನಮ್ಮ ಸಾಲಿನ ಕೊನೆಗೆ ಕುಕ್ಕರುಗಾಲಲ್ಲಿ ಕೂತಳು. ಒಂದು ಪಾತ್ರೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು, ತಲೆ ಎತ್ತಿ ಹೇಳಿದಳು:

“ಲೇ ಅಶ್ವಿನಿ, ನನ್ನೂ ಒಂದ್ಮಾತು ಕೇಳೇ.”